ಯಾರು ಕೇಳಿದರೂ ಆರಾಮ

ಸಾಂಬ್ರಾಣಿ,
18 ಫೆಬ್ರುವರಿ 2025

ಪ್ರೀತಿಯ ತಂಗಿ ಮಾಲವ್ವಾ,

ನಿನಗೂ ಮಕ್ಕಳಿಗೂ ಅಕ್ಕನ ಆಶೀರ್ವಾದ. ಮೊಣಕಾಲು ಹೇಗಿದೆ? ಬಾವು ಇಳಿಯಿತೇ? ಶಿವರಾತ್ರಿ ಆದ ಮೇಲೆ ಆಪರೇಶನ್ ಅಂತ ಹೆದರಿ ಊಟ ಬಿಡಬೇಡ. ಫೋನು ಬಿಟ್ಟು ಪತ್ರ ಬರೆಯುತ್ತಿದ್ದಾಳಲ್ಲ ಅಂತ ನಗಲೂ ಬೇಡ. ಫೋನು ಯಾವಾಗಲೂ ನಿನ್ನ ಭಾವನ ಕಿಸೆಯಲ್ಲಿರುತ್ತದೆ. ನಾನು ಮಾತಾಡಿದರೆ ಅವರ ಕಿವಿ ನನ್ನ ಬಾಯಿಯ ಹತ್ತಿರವೇ ಇರುತ್ತದೆ.

ನನಗೊಂದು ಸಂಶಯ ಹತ್ತಿ ಬಹಳ ದಿನವಾಗಿತ್ತು. ನನ್ನ ಮೊಣಕಾಲಿಗೆ ಹೊಸ ಕೀಲು ಹಾಕಿಸಿದಾಗಿನಿಂದ ವರ್ಷಕ್ಕೊಮ್ಮೆ ಒಬ್ಬ ಹುಡುಗಿಯ ಫೋನು ಬರುತ್ತಿತ್ತು. ಬಂದ ಕೂಡಲೇ ಇವರು ಅಂಗಳಕ್ಕೆ ಹೋಗಿ, ನನ್ನ ಜೊತೆ ಎಂದೂ ಆಡದ ಮೆತ್ತಗಿನ ದನಿಯಲ್ಲಿ "ಆರಾಮ ರೀ, ಎಲ್ಲಾ ಆರಾಮ" ಅನ್ನುತ್ತಿದ್ದರು. ಯಾರದು ಅಂದರೆ "ಹುಬ್ಬಳ್ಳಿಯಿಂದ", ಅಷ್ಟೇ. ಈ ವಯಸ್ಸಿನಲ್ಲಿ ಮುದುಕನಿಗೆ ಇದೇನು ಬಂತು ಅಂತ ಒಳಗೊಳಗೇ ಕುದಿಯುತ್ತಿದ್ದೆ.

ಮೊನ್ನೆ ಇವರು ಫೋನು ಚಾರ್ಜಿಗೆ ಹಚ್ಚಿ ಹೊಲಕ್ಕೆ ಹೋಗಿದ್ದಾಗ ಅವಳದೇ ಫೋನು ಬಂತು. ಎತ್ತಿದೆ. "ಗುರುಸಿದ್ದವ್ವ ಅವರ ಮನಿ ಏನ್ರಿ?" ಅಂದಳು. ನನ್ನ ಹೆಸರು, ಯಾವ ಕಾಲು, ಯಾವ ವರ್ಷ, ಎಲ್ಲ ಗೊತ್ತು ಅವಳಿಗೆ! ಬ್ಯಾಂಕಿನ ಹೆಸರು ಹೇಳಿ ಮೋಸ ಮಾಡುವವಳಿರಬೇಕೆಂದು "ಓಟಿಪಿ ಗೀಟಿಪಿ ಕೊಡಂಗಿಲ್ಲ" ಅಂದೆ. ನಕ್ಕಳು. ಆಸ್ಪತ್ರೆಯವಳಂತೆ. ಕೀಲು ಹಾಕಿಸಿಕೊಂಡವರನ್ನೆಲ್ಲ ವರ್ಷ ವರ್ಷ ವಿಚಾರಿಸಿ, ಯಾವ ಕಂಪನಿಯದು ಚೆನ್ನಾಗಿ ಬಾಳಿತು, ಯಾವುದು ಕಾಡಿತು ಅಂತ ಬರೆದಿಡುತ್ತಾರಂತೆ. ಕೆಟ್ಟದ್ದು ಅಂತ ಕಂಡರೆ ಮುಂದೆ ಯಾರಿಗೂ ಹಾಕುವುದಿಲ್ಲವಂತೆ. "ನಿಮ್ಮದು ಪ್ರತಿ ವರ್ಷ ಆರಾಮ ಅಂತನ ಐತಲ್ರಿ" ಅಂದಳು.

ಆರಾಮ! ಕೀಲು ಕಟಕಟ ಅನ್ನುತ್ತದೆ, ಸಂಜೆಗೆ ಬಾತುಕೊಳ್ಳುತ್ತದೆ, ಮೆಟ್ಟಿಲು ಕಂಡರೆ ಎದೆ ಝಲ್ಲೆನ್ನುತ್ತದೆ. ಒಂದೂ ಬಿಡದೆ ಹೇಳಿದೆ. ಅವಳ ದನಿಯೇ ಬದಲಾಯಿತು, ಬೇಗ ಎಕ್ಸರೇಗೆ ಬರ್ರಿ ಅಂದಳು. ಆಸ್ಪತ್ರೆಯವಳೋ, ಕಂಪನಿಯವಳೋ, ಅವಳ ಮೇಲೂ ನನಗೆ ಪೂರ್ತಿ ನಂಬಿಕೆಯಿಲ್ಲ. ಆದರೆ ನನ್ನ ಕಾಲಿನ ಸುದ್ದಿಯನ್ನು ನನ್ನನ್ನೇ ಕೇಳಿದವಳು ಅವಳೊಬ್ಬಳೇ.

ಇವರನ್ನು ಕೇಳಿದರೆ "ಯಾರರ ಹೆಂಗದೀರಿ ಅಂದ್ರ ಆರಾಮ ಅನ್ನೂದು ಪದ್ಧತಿ. ಮನಿ ಬ್ಯಾನಿ ಮಂದಿ ಮುಂದ ಹೇಳ್ತಾರೇನು?" ಅಂತ ನನಗೇ ತಿರುಗಿಬಿದ್ದರು. ಕೆಟ್ಟವರಲ್ಲ, ನಿನಗೆ ಗೊತ್ತು. ಜ್ವರದಲ್ಲಿ ನಡುಗುತ್ತಿದ್ದರೂ ಬಂದವರ ಮುಂದೆ ಆರಾಮ ಅನ್ನುವ ಮನುಷ್ಯ. ಆದರೂ ನನ್ನ ಸಿಟ್ಟು ಇಳಿದಿಲ್ಲ.

ನಿಮ್ಮವರಿಗೆ ನಮಸ್ಕಾರ ಹೇಳು, ಮಕ್ಕಳ ಕೆನ್ನೆ ಸವರು. ಶಿವ ನಿನ್ನ ಕಾಲು ಕಾಯಲಿ.

ನಿನ್ನ ಅಕ್ಕ,
ಗುರುಸಿದ್ದವ್ವ

ತಾ.ಕ.: ಪಕ್ಕದ ಮನೆಯ ಉಮಾಶ್ರೀ ನಿಮ್ಮ ಮುಂಡಗೋಡದ ಬಸ್ಸಿಗೆ ಹೊರಟಿದ್ದಾಳೆ, ಅವಳ ಕೈಯಲ್ಲೇ ಕೊಡುತ್ತಿದ್ದೇನೆ. "ನಿಮ್ಮ ಅಕ್ಕಗ ಹಾಕಿದ್ದ ಕೀಲನ ನಿಮಗೂ ಹಾಕತೇವಿ, ಅವರು ನೋಡ್ರಿ ಎಷ್ಟ ಆರಾಮ ಅದಾರ" ಅಂತ ಅದೇ ಆಸ್ಪತ್ರೆಯ ಡಾಕ್ಟರು ಹೇಳಿದರೆಂದು ಸಂಭ್ರಮಪಟ್ಟಿದ್ದೆಯಲ್ಲ, ಅದು ನಿನ್ನ ಭಾವ ಅಂಗಳದಲ್ಲಿ ನಿಂತು ಹೇಳಿದ ಆರಾಮ. ನನ್ನ ಎಕ್ಸರೇ ಆಗುವ ತನಕ ಆಪರೇಶನ್ನಿಗೆ ಒಪ್ಪಬೇಡ. ಪತ್ರದಲ್ಲಿ ಏನಿದೆ ಅಂತ ನಿಮ್ಮವರು ಕೇಳಿದರೆ, ಅಕ್ಕ ಆರಾಮ ಇದ್ದಾಳಂತೆ ಅನ್ನು.