ಫೋನು ಕೆಳಗಿಟ್ಟು ಬರೆಯುತ್ತಿದ್ದೇನೆ

ನಮ್ಮ ಸವಿತಾಳ ಅಪ್ಪನಿಗೆ,

ಹೇಗಿದ್ದೀರಿ ಎಂದು ಕೇಳುವುದಿಲ್ಲ. ನನ್ನ ಸಿಟ್ಟು ಇನ್ನೂ ಇಳಿದಿಲ್ಲ.

ಅಂದು ಬೆಳಿಗ್ಗೆ ಎದೆ ಉಜ್ಜಿಕೊಳ್ಳುತ್ತ ನಿಂತಿದ್ದಿರಿ. ಏನಾಯಿತೆಂದು ಕೇಳಿದರೆ, “ಏನಿಲ್ಲ, ಗ್ಯಾಸ್ ಆಗೈತಿ, ಸುಮ್ನಿರ” ಎಂದು ಗದರಿದಿರಿ. ಸಿಂದಗಿಯ ನಿಮ್ಮ ರಿಪೇರಿ ಅಂಗಡಿಯ ಕದ ಎಳೆದು, ಬಾವಿಯ ಮೋಟಾರು ರಿಪೇರಿಗೆಂದು ಕನ್ನೊಳ್ಳಿಗೆ ಹೋದವರು ಬಾವಿಯ ದಂಡೆಯ ಮೇಲೇ ಕುಸಿದಿರಿ. ನಿಮ್ಮ ಮಣ್ಣಾದ ಮರುದಿನ, ನಿಮ್ಮ ಜೊತೆ ಕೆಲಸ ಮಾಡುತ್ತಿದ್ದ ಈರಪ್ಪ ಅಳುತ್ತ ಬಾಯಿಬಿಟ್ಟ: “ವೈನಿ, ಭಾಳ ದಿನದಿಂದ ಎದಿ ನೋವು ಅಂತಿದ್ದ. ನಿಮಗ ಹೇಳಬ್ಯಾಡ ಅಂತ ಆಣಿ ಹಾಕಿದ್ದ ರೀ.” ಈರಪ್ಪನಿಗೆ ಹೇಳಬಹುದು, ನನಗೆ ಹೇಳಬಾರದೇ? ನಾನೇನು ಹೊರಗಿನವಳೇ?

ಆಮೇಲೊಂದು ಮಧ್ಯಾಹ್ನ ನಿಮ್ಮ ಫೋನು ಕೈಗೆತ್ತಿಕೊಂಡೆ. ಕೆಳಗಿಡಲೇ ಇಲ್ಲ. ಯಾರೋ ಮೀನು ಹಿಡಿಯುವುದು, ಯಾರೋ ಸೀರೆ ಉಡಿಸುವುದು, ಯಾರದೋ ಮನೆಯ ಜಗಳ, ಏನು ಬಂದರೂ ನೋಡಿದೆ. ಒಲೆಯ ಮೇಲೆ ಹಾಲು ಉಕ್ಕಿ ಹರಿದರೂ ನೋಡಿದೆ. ಒಂದು ವಿಡಿಯೊ ಮುಗಿದು ಇನ್ನೊಂದು ಬರುವ ನಡುವೆ ನಿಮ್ಮ ಮುಖ ಬರುತ್ತಿತ್ತು. ಅದು ಬರಬಾರದೆಂದು ಬೆರಳು ಸರಿಸುತ್ತಲೇ ಇದ್ದೆ.

ನಿಮ್ಮ ಅವ್ವ ಪಡಸಾಲೆಯಲ್ಲಿ ಕುಳಿತು ಮಾತಾಡಿಸಲು ಬಂದವರಿಗೆಲ್ಲ ಹೇಳಿದರು: “ಗಂಡನ್ನ ನುಂಗಿ ಕುಂತಾಳ. ಈಗ ಫೋನ್ ನೋಡಿ ನಗತಾಳ.” ನಾನು ನಕ್ಕದ್ದನ್ನು ಯಾರು ಕಂಡಿದ್ದರು? ಗೋಡೆಗೆ ತಲೆ ಚಚ್ಚಿಕೊಂಡಿದ್ದರೆ ಒಳ್ಳೆಯ ಸೊಸೆ ಆಗುತ್ತಿದ್ದೆನೇನೋ.

ಮೊನ್ನೆ ಸವಿತಾ ಶಾಲೆಯಿಂದ ಬಂದವಳೇ ಎದುರಿಗೆ ನಿಂತಳು. ನಾನು ಕಣ್ಣೆತ್ತಲಿಲ್ಲ. ಫೋನು ಕಿತ್ತುಕೊಂಡಳು. ಬೈಯಲು ಬಾಯಿ ತೆರೆದೆ. ಅವಳೇ ಮೊದಲು ಕೇಳಿದಳು:

“ಅವ್ವಾ, ನಿನಗೂ ಎದಿ ನೋವು ಐತೇನು? ಅದಕ್ಕ ನನ್ನ ಕೂಡ ಮಾತಾಡವಲ್ಲಿ?”

“ಏನಿಲ್ಲವ್ವಾ...”

“ಅಪ್ಪಾನೂ ಹಿಂಗ ಏನಿಲ್ಲ ಅಂದಿದ್ದ.”

ಆಗ ನಿಮ್ಮ ಮೇಲೆ ಎಂಥ ಸಿಟ್ಟು ಬಂತೆಂದರೆ... ಈ ಹೆದರಿಕೆಯನ್ನೇ ಏನು ನೀವು ಮಗಳಿಗೆ ಬಿಟ್ಟುಹೋದದ್ದು? ಅವಳನ್ನು ಎಳೆದು ಮಡಿಲಿಗೆ ಹಾಕಿಕೊಂಡು, ನೀವು ಹೋದ ಮೇಲೆ ಮೊದಲ ಸಲ ಬಾಯಿಬಿಟ್ಟು ಅತ್ತೆ. “ನೋವು ಐತಿ ಸವಿತಾ. ನಿಮ್ಮಪ್ಪಂದು. ಭಾಳ ಐತಿ.” ಇಬ್ಬರೂ ಸೇರಿ ನಿಮ್ಮನ್ನು ಬೈದೆವು. ಸದ್ದು ಕೇಳಿ ನಿಮ್ಮ ಅವ್ವ ಒಳಗೆ ಬಂದರು. ನನ್ನನ್ನೇ ಬೈಯುತ್ತಾರೆಂದುಕೊಂಡೆ. ಪಕ್ಕದಲ್ಲಿ ಕುಸಿದು ಕುಳಿತು, “ಹಡದಾಕಿಗೂ ಹೇಳಲಿಲ್ಲ ನೋಡ, ಹಾಟ್ಯಾ” ಎಂದು ಅವರೂ ನಿಮ್ಮನ್ನೇ ಬೈದರು.

ನಿನ್ನೆ ಮತ್ತೆ ಸ್ವಲ್ಪ ಹೊತ್ತು ಫೋನು ನೋಡಿದೆ, ಸುಳ್ಳೇಕೆ ಹೇಳಲಿ? ಆದರೆ ಊಟಕ್ಕೆ ಮೂವರೂ ಒಟ್ಟಿಗೆ ಕುಳಿತೆವು. ನಿಮ್ಮದೇ ಮಾತು, ಹೆಚ್ಚಿನದು ಬೈಗುಳ. ನಡುವೆ ಸವಿತಾ ಒಮ್ಮೆ ನಕ್ಕಳು. ನಾನು ಮಾತ್ರ ನಿಮ್ಮನ್ನು ಇನ್ನೂ ಕ್ಷಮಿಸಿಲ್ಲ. ಕ್ಷಮಿಸಿದ ದಿನ ನಿಮಗೇ ಮೊದಲು ಹೇಳುತ್ತೇನೆ, ಮುಚ್ಚಿಡುವುದಿಲ್ಲ.

ಸವಿತಾಳ ಅವ್ವ