ತರಚದ ಮೊಣಕಾಲು

ಕೊರಿನ್,

ನಾನು ನಿನ್ನ ತಾಯಿ ನಿಜ. ಆದರೆ ಈ ಪತ್ರ ಬರೆಯುತ್ತಿರುವವಳು ಇಪ್ಪತ್ತಾರು ವರ್ಷಗಳಿಂದ ಟೊಲೀಡೊ ಬ್ಯಾಸ್ಕೆಟ್‌ಬಾಲ್ ತಂಡದ ಒಡತಿ.

ನಿನ್ನ ಗಂಡ ಡೆಸ್ಮಂಡ್‌ನನ್ನು ಸೀಸನ್ನಿನ ನಡುವೆ ಬೇರೆ ತಂಡಕ್ಕೆ ಕೊಡುವುದು ಬೇಡವೆಂದು ಮ್ಯಾನೇಜರ್ ಗಸ್ ಅಂಕಿಅಂಶ ಹರಡಿಕೊಂಡು ಕುಳಿತ. "ಅಂಕಿ ನೀನು ನೋಡ್ಕೊ, ಮೊಣಕಾಲು ನಾನು ನೋಡ್ತೀನಿ" ಎಂದೆ. ಚೆಂಡಿಗಾಗಿ ನೆಲಕ್ಕೆ ಬೀಳುವವನ ಮೊಣಕಾಲು ತರಚಿರುತ್ತದೆ. ಡೆಸ್ಮಂಡ್‌ನದು ಐದು ವಾರದಿಂದ ನುಣ್ಣಗಿದೆ. ಭಾನುವಾರ ನನ್ನ ಮನೆಯಲ್ಲಿ ಊಟಕ್ಕೆ ಕುಳಿತಾಗ, "ಮಗು ಬರ್ತಿದೆಯಲ್ಲ ಅತ್ತೆ, ಈಗ ಬೀಳೋಕೆ ಭಯ ಆಗುತ್ತೆ" ಎಂದು ನಕ್ಕ. ಅತ್ತೆಯೆಂದು ನಂಬಿ ಹೇಳಿದ, ಕೇಳಿಸಿಕೊಂಡವಳು ಒಡತಿ. ಅವನ ಬದಲಿಗೆ ಪೋರ್ಟ್‌ಲ್ಯಾಂಡಿನಿಂದ ಬರುವ ಹುಡುಗನ ಮೊಣಕಾಲಲ್ಲಿ ಚರ್ಮವೇ ಉಳಿದಿಲ್ಲ.

"ಹೆರಿಗೆಗೆ ಮೂರೇ ವಾರ ಇದೆ. ಡಾಕ್ಟ್ರು ವಿಮಾನ ಹತ್ಲೇಬೇಡ ಅಂದಿದಾರೆ. ಅಲ್ಲೀವರೆಗಾದ್ರೂ ಅವನನ್ನ ಇಲ್ಲೇ ಬಿಡಮ್ಮ" ಎಂದು ನೀನು ಫೋನಿನಲ್ಲಿ ಗೋಳಾಡಿದೆ. ಹೆರಿಗೆಗೆ ಗಂಡಸು ಬೇಕಿಲ್ಲ, ನಾನು ಬರುತ್ತೇನೆ. ಅವನ ಪೆಟ್ಟಿಗೆ ಕಟ್ಟಿಡು, ನಾಳೆ ಬೆಳಿಗ್ಗೆ ಏಳಕ್ಕೆ ಕಾರು ಬರುತ್ತದೆ.

ಆಟಗಾರರ ವಿನಿಮಯಕ್ಕೆ ಇಂದು ಮೂರು ಗಂಟೆಯ ಗಡುವಿತ್ತು. ನೀನು ಫೋನ್ ಮಾಡಿದ್ದು ಎರಡೂವರೆಗೆ. ನಿನ್ನ ಮಾತು ಮುಗಿಯುವಷ್ಟರಲ್ಲಿ ನಾನು ಸಹಿ ಹಾಕಿಯಾಗಿತ್ತು.

ನಿನ್ನ ತಾಯಿ,
ವಿನಿಫ್ರೆಡ್ ಹ್ಯಾಲೊರನ್