ಮಾದರಿ ಗೂಡಿನ ಫಲಕ ಬಿಚ್ಚಿಕೊಂಡು ಹೋಗಿ

ನಗರಸಭೆಯ ಸಾಕುಪ್ರಾಣಿ ಪರವಾನಗಿ ಅಧಿಕಾರಿಗಳೇ,

ನನ್ನ ಮನೆಯ ಗೇಟಿಗೆ ನೀವು ಹೊಡೆಸಿರುವ ‘ಮಾದರಿ ನಾಯಿಗೂಡು’ ಎಂಬ ಫಲಕವನ್ನು ದಯವಿಟ್ಟು ಬಿಚ್ಚಿಕೊಂಡು ಹೋಗಿ. ನಾನೇ ಬಿಚ್ಚಬಹುದಿತ್ತು, ಆದರೆ ಸರ್ಕಾರಿ ಆಸ್ತಿ ಮುಟ್ಟಿದ ಅಪರಾಧವೂ ಸೇರಿಕೊಳ್ಳುವುದು ಬೇಡ. ಈಗಾಗಲೇ ತಲೆಯ ಮೇಲೆ ಒಂದಿದೆ, ಅದನ್ನು ಹೊತ್ತೇ ಸಾಕಾಗಿದೆ.

ನಾನು ಗೇಟು, ಗ್ರಿಲ್ ಮಾಡುವ ವೆಲ್ಡರ್. ಸಾಕುನಾಯಿಗಳು ಮನೆಯ ಹೊರಗೇ ಇರತಕ್ಕದ್ದು ಎಂದು ನೀವು ಅಪ್ಪಣೆ ಹೊರಡಿಸಿದಾಗ, ಮನೆ ತುಂಬ ಕೂದಲೆಂದು ಗೊಣಗುತ್ತಿದ್ದ ನನಗೆ ಒಳ್ಳೆಯ ನೆಪ ಸಿಕ್ಕಿತು. ಕಬ್ಬಿಣದ ಚೌಕಟ್ಟು, ಮೇಲೆ ತಗಡು, ಎದುರಿಗೆ ಸರಳಿನ ಬಾಗಿಲು, ಅದಕ್ಕೊಂದು ಚಿಲಕ. ಸೋಫಾದ ಮೇಲೆ ಕಾಲು ಚಾಚಿ ಮಲಗುತ್ತಿದ್ದ ನಮ್ಮ ನಾಯಿಗೆ ನನ್ನವಳು ಇಟ್ಟ ಹೆಸರು ದೊರೆ. ‘ದೊರೆ, ಗೂಡಿಗೆ!’ ಎಂದೆ. ಹೋದ.

ನೀವು ತಪಾಸಣೆಗೆ ಬಂದಿರಿ. ಗೂಡಿಗೊಂದು ಸುತ್ತು ಹಾಕಿ, “ಎಷ್ಟು ಸೈಲೆಂಟಾಗಿದೆ ನಿಮ್ಮ ನಾಯಿ! ಎಲ್ಲರೂ ಹೀಗೇ ಇಟ್ಕೊಂಡ್ರೆ ನಮಗೆ ಕೆಲ್ಸಾನೇ ಇರಲ್ಲ” ಎಂದಿರಿ. ನಾನು ಹಿಗ್ಗಿ ಹೀರೇಕಾಯಿಯಾದೆ. ಬೊಗಳಿದಾಗಲೆಲ್ಲ ಸುತ್ತಿಗೆಯಿಂದ ತಗಡಿಗೆ ಕುಟ್ಟಿ ಬಾಯಿ ಮುಚ್ಚಿಸಿದ್ದೆ ಎಂಬುದನ್ನು ನೀವು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಬೇಸಿಗೆ ಬಂತು. ಒಂದು ದಿನ ಬೆಳಗ್ಗೆಯೇ ತಗಡು ಕಾಯತೊಡಗಿತ್ತು. “ರೀ, ಇವತ್ತು ಒಳಗೇ ಬಿಡೋಣ. ಪಾಪ, ಬೆಂದು ಹೋಗುತ್ತೆ” ಎಂದಳು ನನ್ನವಳು. ನಾನು ತಗಡಿನ ಮೇಲೆ ಅಂಗೈ ಇಟ್ಟು ನೋಡಿದೆ. “ಏನೂ ಬಿಸಿ ಇಲ್ಲ ಕಣೇ, ಸುಮ್ನಿರು.” ಇಟ್ಟದ್ದು ಯಾರ ಕೈ, ಮಾನ್ಯರೇ? ಕಿಡಿಯಲ್ಲಿ ಬೆಂದು ಬೆಂದು ಜಡ್ಡುಗಟ್ಟಿದ ಕೈ! ಅದನ್ನೇ ನಂಬಿ ಚಿಲಕ ಹಾಕಿ ಕೆಲಸಕ್ಕೆ ಹೋದೆ. ಅವಳೂ ತನ್ನ ಹೊಲಿಗೆ ಅಂಗಡಿಗೆ ಹೋದವಳು ಮನಸ್ಸು ತಡೆಯದೆ ಮಧ್ಯಾಹ್ನವೇ ಮರಳಿ ಬಂದಳು. ಚಿಲಕ ಮುಟ್ಟಿದ್ದೇ ತಡ, ಅವಳ ಅಂಗೈ ಚುರ್ರೆಂದಿತು. ಆದರೂ ಬಿಡದೆ ತೆಗೆದಳು. ಒಳಗೆ ದೊರೆ ನಾಲಿಗೆ ಚಾಚಿ ಬಿದ್ದಿದ್ದ. ಒಂದು ಸಲವೂ ಬೊಗಳಲಿಲ್ಲ ಎಂದರು ಪಕ್ಕದ ಮನೆಯವರು. ಬೊಗಳಬೇಡವೆಂದು ಕಲಿಸಿದವನು ನಾನೇ ಅಲ್ಲವೇ?

ಪಶುವೈದ್ಯರು ಹೇಗೋ ಉಳಿಸಿಕೊಟ್ಟರು. ನನ್ನವಳು ಬೈಯಲಿಲ್ಲ; ಬೈದಿದ್ದರೆ ಎಷ್ಟೋ ವಾಸಿಯಿತ್ತು. ಬೊಬ್ಬೆ ಎದ್ದ ಅಂಗೈ ತೋರಿಸಿ, “ಇನ್ಮೇಲೆ ಬಿಸಿ ನೋಡೋದಿದ್ರೆ ನನ್ನ ಕರೀರಿ” ಎಂದಳು, ಅಷ್ಟೇ.

ಈಗ ಇದೇ ಗೂಡನ್ನು ಬಡಾವಣೆಯ ಎಲ್ಲ ಮನೆಗಳಿಗೂ ಕಡ್ಡಾಯ ಮಾಡುತ್ತೀರಂತೆ, ಮಾಡಿಕೊಡುವ ಕೆಲಸವೂ ನನಗೇ ಅಂತೆ. ಎಂಥ ಗೌರವ! ನಾನು ಮಾಡುವುದಿಲ್ಲ. ನೀವೂ ಆ ಆದೇಶವನ್ನು ಹಿಂದಕ್ಕೆ ಪಡೆಯಿರಿ. ಆಗದೆಂದರೆ ಒಂದು ಮಧ್ಯಾಹ್ನ ಬಂದು, ಕಡತಗಳಿಗೆ ಸಹಿ ಹಾಕುವ ಆ ಮೆತ್ತನೆಯ ಕೈಯನ್ನು ತಗಡಿನ ಮೇಲಿಡಿ. ಅದಕ್ಕೆಂದೇ ಗೂಡನ್ನು ಉಳಿಸಿದ್ದೇನೆ. ಬಾಗಿಲನ್ನು ಮಾತ್ರ ಕತ್ತರಿಸಿ ಎಸೆದಿದ್ದೇನೆ. ಆಮೇಲೆ ನನಗೆ ಯಾವ ಶಿಕ್ಷೆಯನ್ನಾದರೂ ಕೊಡಿ, ತಕರಾರಿಲ್ಲ.

ದೊರೆ ಈಗ ಮನೆಯೊಳಗೇ ಇದ್ದಾನೆ. ಹಗಲು ಅವಳ ಜೊತೆ ಅಂಗಡಿಗೆ ಹೋಗಿಬರುತ್ತಾನೆ. ಸಂಜೆ ನಾನು ಬಂದು ತಲೆ ಸವರೋಣವೆಂದು ಕೈ ಚಾಚಿದರೆ, ಎದ್ದು, ಯಾರೂ ಹೇಳದಿದ್ದರೂ ಹೊರಗೆ ಹೋಗಿ ಗೂಡಿನಲ್ಲಿ ಕೂರುತ್ತಾನೆ. ಬೊಗಳುವುದಿಲ್ಲ.

ಇಂತಿ,
ಬಿಸಿ ತಿಳಿಯದ ಕೈಯ,
ನಿಮ್ಮ ಮಾದರಿ ನಾಗರಿಕ